'ಪರವಾಗಿಲ್ಲ, ನಾವೇ ನೋಡ್ಕೋತೀವಿ' ಅನ್ನುವ ಮುಂಚೆ ರೀಜನಲ್ ಸೆಂಟರ್‌ಗೆ ಒಂದು ಫೋನ್ ಮಾಡಿ

ಕ್ಯಾಲಿಫೋರ್ನಿಯಾದಲ್ಲಿದ್ದೀರಾ? ಮಗುವಿಗೆ ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ ಅಂತ ಒಳಗೊಳಗೇ ಕೊರಗುತ್ತಿದ್ದೀರಾ? ಊರಿಗೆ ಫೋನ್ ಮಾಡಿದರೆ "ಅವರಪ್ಪನಿಗೂ ನಾಲ್ಕು ವರ್ಷಕ್ಕೇ ಮಾತು ಬಂದಿದ್ದು, ಸುಮ್ನಿರು" ಅನ್ನುತ್ತಾರೆ. ನನಗೂ ಹಾಗೇ ಅಂದಿದ್ದರು. ಅವರದು ಪ್ರೀತಿಯ ಮಾತೇ. ಆದರೆ ಅದನ್ನು ನಂಬಿ ನಾನು ಒಂದೂವರೆ ವರ್ಷ ಕಳೆದೆ. ನೀವು ಕಳೆಯಬೇಡಿ. ಇಂಥ ಮಕ್ಕಳಿಗೆ ನೆರವು ಹೊಂದಿಸಿಕೊಡುವ ರೀಜನಲ್ ಸೆಂಟರ್ ಅನ್ನುವ ಕಚೇರಿಗಳಿವೆ, ಅಲ್ಲಿಗೆ ಫೋನ್ ಮಾಡಿ.

ಈ ರಾಜ್ಯದಲ್ಲಿ ಲ್ಯಾಂಟರ್‌ಮನ್ ಕಾಯ್ದೆ ಅಂತ ಒಂದಿದೆ, 1969ರದ್ದು. ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳನ್ನು ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಸೇರಿಸಿ ಮರೆಯುವುದು ಬೇಡ, ಮನೆಯಲ್ಲೇ ಬೆಳೆಸಲು ನೆರವು ಕೊಡಿ ಅಂತ ಅಪ್ಪ ಅಮ್ಮಂದಿರು ಹಟ ಹಿಡಿದು ಪಡೆದದ್ದು. ಸಾಂಟಾ ಕ್ಲಾರಾದ ಒರಾಕಲ್ ಕ್ಯಾಂಪಸ್ ನೋಡಿದ್ದೀರಲ್ಲ, ಅಲ್ಲಿ ಮೊದಲು ಇದ್ದದ್ದು ಆಗ್ನ್ಯೂಸ್ ಅನ್ನುವ ಅಂಥದ್ದೇ ಆಸ್ಪತ್ರೆ. ನಮ್ಮವರು ಎಷ್ಟೋ ಜನ ದಿನಾ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನಗೆ ಆ ತಾಯಂದಿರ ನೆನಪಾಗುತ್ತದೆ.

ಆ ಕಾಯ್ದೆಯ ಕೆಳಗೆ ರಾಜ್ಯದಲ್ಲಿ 21 ರೀಜನಲ್ ಸೆಂಟರ್‌ಗಳಿವೆ. ನೀವಿರುವ ಕೌಂಟಿ ನೋಡಿ ನಿಮ್ಮದು ಯಾವುದು ಅಂತ ಗೊತ್ತಾಗುತ್ತದೆ: ಸಾಂಟಾ ಕ್ಲಾರಾದವರಿಗೆ ಸ್ಯಾನ್ ಆಂಡ್ರಿಯಾಸ್, ಫ್ರೀಮಾಂಟ್ ಕಡೆಯವರಿಗೆ ಈಸ್ಟ್ ಬೇ. ಆಟಿಸಂ, ಬುದ್ಧಿಮಾಂದ್ಯ, ಸೆರೆಬ್ರಲ್ ಪಾಲ್ಸಿ, ಮೂರ್ಛೆರೋಗ, ಬುದ್ಧಿಮಾಂದ್ಯಕ್ಕೆ ಹತ್ತಿರದ ಬೇರೆ ತೊಂದರೆ, ಇವಿಷ್ಟರಲ್ಲಿ ಒಂದು 18 ವರ್ಷದೊಳಗೆ ಶುರುವಾಗಿರಬೇಕು, ದಿನದ ಬದುಕಿಗೆ ದೊಡ್ಡ ಅಡ್ಡಿ ಆಗುತ್ತಿರಬೇಕು. ನಿಮ್ಮ ಸಂಬಳ ಎಷ್ಟು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ವೀಸಾ ಯಾವುದು ಅನ್ನುವುದೂ ಇಲ್ಲ. ಅವಲಂಬಿತರಿಗೆ ಕೊಡುವ ಎಚ್-4 ವೀಸಾ ಮೇಲಿರುವ ಮಗು ಅಂತ ಹಿಂಜರಿಯುವವರು ನಮ್ಮಲ್ಲಿ ಜಾಸ್ತಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಮಗುವಿಗೆ ಮೂರು ವರ್ಷ ಆಗಿಲ್ಲ ಅಂದರೆ ಇವತ್ತೇ ಫೋನ್ ಮಾಡಿ, "ಅರ್ಲಿ ಸ್ಟಾರ್ಟ್" ಅಂತ ಕೇಳಿ, ಮೂರು ವರ್ಷದೊಳಗಿನ ಮಕ್ಕಳಿಗಿರುವ ಕಾರ್ಯಕ್ರಮ ಅದು. ಡಾಕ್ಟರ ಚೀಟಿ ಬೇಕಿಲ್ಲ. ಮಗುವನ್ನು ಪರೀಕ್ಷಿಸಿ, ಏನೇನು ಥೆರಪಿ ಅಂತ ಬರೆದು ಕೊಡಲು ಅವರಿಗೆ 45 ದಿನದ ಗಡುವು. ಮೂರು ತುಂಬಿದ ಮೇಲೆ ಓದಿನ ಭಾಗ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಹೋಗುತ್ತದೆ. ಮಗುವಿಗೆ ಸ್ಕೂಲಿನವರು ಬರೆಯುವ ಯೋಜನೆ ಐಇಪಿ, ರೀಜನಲ್ ಸೆಂಟರಿನವರು ಬರೆಯುವುದು ಐಪಿಪಿ. ಎರಡೂ ಬೇರೆ ಬೇರೆ. ಸ್ಕೂಲಿನವರು ಆಟಿಸಂ ಅಂತ ಒಪ್ಪಿಕೊಂಡರು ಅಂದಮಾತ್ರಕ್ಕೆ ರೀಜನಲ್ ಸೆಂಟರ್ ಒಪ್ಪಿದ ಹಾಗಲ್ಲ, ಅಲ್ಲಿ ಬೇರೆ ಅರ್ಜಿ ಹಾಕಲೇಬೇಕು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮಗನಿಗೆ ಆಗ ಐದು ವರ್ಷ. ರೀಜನಲ್ ಸೆಂಟರಿನಿಂದ ವಿಚಾರಿಸಲು ಬಂದವರು "ತಾನೇ ಹಲ್ಲುಜ್ಜುತ್ತಾನಾ?" ಅಂತ ಕೇಳಿದರು. "ಹೂಂ, ಉಜ್ಜುತ್ತಾನೆ" ಅಂದೆ. ನಿಜಕ್ಕೂ ಆಗುತ್ತಿದ್ದದ್ದು ಏನು? ಬ್ರಷ್‌ಗೆ ಪೇಸ್ಟ್ ಹಾಕುವವಳು ನಾನು. ಬ್ರಷ್ ಹಿಡಿದ ಅವನ ಕೈಯ ಮೇಲೆ ನನ್ನ ಕೈ. "ಈ ಕಡೆ, ಈಗ ಆ ಕಡೆ, ಉಗುಳು" ಅಂತ ಹೇಳುತ್ತಲೇ ಇರಬೇಕು, ಒಂದು ನಿಮಿಷ ಬಿಟ್ಟರೆ ಪೇಸ್ಟ್ ನುಂಗಿ ನಲ್ಲಿ ನೀರಲ್ಲಿ ಆಟ. ಅದು "ಉಜ್ಜುತ್ತಾನೆ" ಅಲ್ಲ, ಅಲ್ವಾ? ಮಗನನ್ನು ಬೇರೆಯವರ ಮುಂದೆ ಕಡಿಮೆ ಮಾಡಿ ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ಆ ದಿನ ಹೀಗೇ ಆರೇಳು ಸಲ "ಹೂಂ" ಅಂದಿದ್ದೆ. ಅರ್ಜಿ ತಿರಸ್ಕಾರವಾಯಿತು. ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಅದಕ್ಕೇ ಹೇಳುವುದು, ನೀವು ಏನೇನು ಮಾಡಿಕೊಡುತ್ತೀರಿ ಅಂತ ಒಂದು ವಾರ ನೋಟ್‌ಬುಕ್ಕಲ್ಲಿ ಬರೆದಿಡಿ, ರಾತ್ರಿ ಎಷ್ಟು ಸಲ ಎದ್ದಿರಿ, ಬಾಗಿಲು ತೆಗೆದು ಎಷ್ಟು ಸಲ ಓಡಿದ, ಎಲ್ಲ. ಅದನ್ನೇ ಓದಿ ಹೇಳಿ.

ಸೇರಿಸಿಕೊಂಡ ಮೇಲೆ ಒಬ್ಬ ಸರ್ವೀಸ್ ಕೋಆರ್ಡಿನೇಟರ್ ಸಿಗುತ್ತಾರೆ. ಒಂದು ಗುಟ್ಟು: ರೀಜನಲ್ ಸೆಂಟರ್ ಎಲ್ಲಕ್ಕಿಂತ ಕೊನೆಗೆ ದುಡ್ಡು ಕೊಡುತ್ತದೆ. ಇನ್ಶೂರೆನ್ಸ್, ಸ್ಕೂಲು, ಮೆಡಿ-ಕ್ಯಾಲ್ (ರಾಜ್ಯ ಸರ್ಕಾರದ ಆರೋಗ್ಯ ವಿಮೆ) ಮೊದಲು. ಅವರು ಇಲ್ಲ ಅಂದರೆ ಆ "ಇಲ್ಲ"ವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಅದೇ ನಿಮ್ಮ ಮುಂದಿನ ಮೆಟ್ಟಿಲು. ರೆಸ್ಪೈಟ್ ಮಾತ್ರ ಮೊದಲ ದಿನವೇ ಕೇಳಿ. ಇನ್ನೊಬ್ಬರು ಬಂದು ಮಗುವನ್ನು ನೋಡಿಕೊಳ್ಳುವ, ನಿಮಗೆ ಉಸಿರಾಡಲು ಸಿಗುವ ಗಂಟೆಗಳವು. ನಮ್ಮನೆಗೆ ಕನ್ನಡ ಬರುವ ಒಬ್ಬ ಕಾಲೇಜು ಹುಡುಗಿ ಬರುತ್ತಾಳೆ. ಮೊದಲ ಶನಿವಾರ ನಾನೂ ನಮ್ಮವರೂ ಹೊರಗೆ ಹೋಗಿ, ಕಾರಲ್ಲೇ ಕೂತು ನಿದ್ದೆ ಮಾಡಿ ವಾಪಸ್ ಬಂದೆವು.

ಇನ್ನೊಂದು ದೊಡ್ಡದು ಐಎಚ್‌ಎಸ್‌ಎಸ್. ಮನೆಯಲ್ಲೇ ನೋಡಿಕೊಳ್ಳುವ ಗಂಟೆಗಳಿಗೆ ಸಂಬಳ ಕೊಡುವ ಯೋಜನೆ ಇದು. ನಡೆಸುವುದು ಕೌಂಟಿ, ಮಗುವಿಗೆ ಮೆಡಿ-ಕ್ಯಾಲ್ ಇರಬೇಕು. ಅಪ್ಪ ಅಮ್ಮನ ಆದಾಯ ಜಾಸ್ತಿ ಅಂತ ಕೈಬಿಡಬೇಡಿ. ರೀಜನಲ್ ಸೆಂಟರ್‌ನಲ್ಲಿರುವ ಮಗುವಿಗೆ ಮೆಡಿ-ಕ್ಯಾಲ್ ಸಿಗಲು ಒಂದು ವೇವರ್, ಅಂದರೆ ವಿನಾಯಿತಿ ಇದೆ, ಅದರಲ್ಲಿ ಮನೆಯವರ ಆದಾಯ ಎಣಿಸುವುದಿಲ್ಲ. ಮಗುವನ್ನು ಹಗಲೂ ರಾತ್ರಿ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾದ ಸ್ಥಿತಿ ಇದ್ದರೆ "ಪ್ರೊಟೆಕ್ಟಿವ್ ಸೂಪರ್‌ವಿಶನ್" ಕೇಳಿ. ತೀವ್ರ ತೊಂದರೆ ಇದ್ದರೆ ತಿಂಗಳಿಗೆ 283 ಗಂಟೆವರೆಗೂ ಮಂಜೂರಾಗುತ್ತದೆ, ಆ ಗಂಟೆಗಳ ಸಂಬಳ ನೋಡಿಕೊಳ್ಳುವ ತಾಯಿಗೇ ಬರಬಹುದು. ಕೆಲಸ ಬಿಟ್ಟು ಮನೆಯಲ್ಲಿರುವ ಅಮ್ಮಂದಿರೇ, ಇದನ್ನು ಎರಡು ಸಲ ಓದಿ. ವೀಸಾ ಮೇಲಿರುವವರು ಮಾತ್ರ ಕೆಲಸ ಮಾಡಲು ಪರವಾನಗಿ ಇದೆಯಾ ನೋಡಿಕೊಳ್ಳಬೇಕು. ಫೆಡರಲ್ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವಿನ ಹಣವಾದ ಎಸ್‌ಎಸ್‌ಐ ಬೇರೆ ಲೆಕ್ಕ. ಅದಕ್ಕೆ ವೀಸಾ ಅಡ್ಡ ಬರುತ್ತದೆ, ಎಚ್-4ಗೆ ಸಿಗುವುದಿಲ್ಲ.

ರೀಜನಲ್ ಸೆಂಟರಿನವರು ಆಗುವುದಿಲ್ಲ ಅಂದರೆ ಅಲ್ಲಿಗೇ ಮುಗಿಯಿತು ಅಂದುಕೊಳ್ಳಬೇಡಿ. ಕಾಗದ ಬಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಈಗಾಗಲೇ ಸಿಗುತ್ತಿರುವ ಸೇವೆ ನಿಲ್ಲಬಾರದು ಅಂದರೆ ಇನ್ನೂ ಬೇಗ, 30 ದಿನದೊಳಗೆ. ಡಿಸೆಬಿಲಿಟಿ ರೈಟ್ಸ್ ಕ್ಯಾಲಿಫೋರ್ನಿಯಾದವರು ಉಚಿತವಾಗಿ ಸಲಹೆ ಕೊಡುತ್ತಾರೆ. ಸ್ಯಾನ್ ಹೊಸೆ ಸುತ್ತಮುತ್ತಲಿನವರಿಗೆ ಪೇರೆಂಟ್ಸ್ ಹೆಲ್ಪಿಂಗ್ ಪೇರೆಂಟ್ಸ್ ಅನ್ನುವ ಸಂಸ್ಥೆ ಇದೆ. ಮೀಟಿಂಗ್‌ಗೆ ದುಭಾಷಿಯನ್ನೂ ಕೇಳಬಹುದು. ಮಗುವನ್ನು ದಿನವಿಡೀ ನೋಡಿಕೊಳ್ಳುವುದು ಅಜ್ಜಿ ಆಗಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಕನ್ನಡದಲ್ಲೇ ಹೇಳಲಿ. ನಮ್ಮಮ್ಮ ಹೇಳಿದಷ್ಟು ನೇರವಾಗಿ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.