ದುರ್ಗಮ ತಾಣಗಳಲ್ಲಿ ಚಿತ್ರೀಕರಣ: ನಿಲ್ಲಿಸುವ ಗೆರೆಯನ್ನು ಮೊದಲೇ ಎಳೆಯುವ ಕೆಲಸ

ಚಿತ್ರೀಕರಣ ತಂಡಗಳ ಸುರಕ್ಷತೆಯ ಹೊಣೆ ಹೊತ್ತು ಬೆಟ್ಟ, ಹೊಳೆ, ಮರಳುಗಾಡು, ಹಿಮಪ್ರದೇಶಗಳಿಗೆ ಹೋಗುವುದು ನನ್ನ ವೃತ್ತಿ. ಸಿನಿಮಾ ಇರಲಿ, ಧಾರಾವಾಹಿ ಇರಲಿ, ನಿರ್ಮಾಪಕರು ನನ್ನಿಂದ ಮೊದಲು ಕೇಳುವುದು ಅಪಾಯ ಮೌಲ್ಯಮಾಪನದ ವರದಿಯನ್ನು. ವಿಮಾ ಕಂಪನಿಗೆ ಅದು ಬೇಕು, ಅನುಮತಿ ಕೊಡುವ ಇಲಾಖೆಗೂ ಬೇಕು. ಅವಘಡ ಸಂಭವಿಸುವ ಸಾಧ್ಯತೆಗೆ 1ರಿಂದ 5, ಸಂಭವಿಸಿದರೆ ಆಗುವ ಹಾನಿಗೆ 1ರಿಂದ 5 ಅಂಕ ಕೊಟ್ಟು ಗುಣಿಸುವ ಆ ಕೋಷ್ಟಕವನ್ನು ನಾನೂ ಶ್ರದ್ಧೆಯಿಂದಲೇ ತುಂಬುತ್ತೇನೆ. ಆದರೆ ಸಂಜೆಯ ಬೆಳಕು ಇನ್ನೇನು ಮುಗಿಯಲಿದೆ, ನಟರ ಕಾಲ್‌ಶೀಟ್ ನಾಳೆಗಿಲ್ಲ, ಒಂದೇ ಒಂದು ಟೇಕ್ ಬಾಕಿ ಇದೆ ಎನ್ನುವ ಹೊತ್ತಿನಲ್ಲಿ ಅದನ್ನು ತೆರೆದು ನೋಡುವವರು ಯಾರೂ ಇರುವುದಿಲ್ಲ. ಆ ಹೊತ್ತಿಗೆ ಕೆಲಸಕ್ಕೆ ಬರುವುದು, ಪರಿಸ್ಥಿತಿ ಎಲ್ಲಿಗೆ ಬಂದರೆ ನಿಲ್ಲಿಸಬೇಕು ಎಂಬುದನ್ನು ಯಾರೂ ದಣಿದಿರದ, ಯಾರಿಗೂ ಅವಸರವಿಲ್ಲದ ದಿನವೇ ಕೂತು ತೀರ್ಮಾನಿಸಿ, ಅಂಕಿಯಲ್ಲಿ ಬರೆದು, ನಿರ್ದೇಶಕರ ಒಪ್ಪಿಗೆ ಪಡೆದಿಟ್ಟುಕೊಂಡ ಗೆರೆ ಮಾತ್ರ. ನನ್ನ ತಯಾರಿಯ ಬಹುಪಾಲು ಈ ಗೆರೆಗಳನ್ನು ಗೊತ್ತುಮಾಡುವುದರಲ್ಲೇ ಕಳೆಯುತ್ತದೆ.

ಚಿತ್ರಕಥೆ ಕೈಗೆ ಬಂದ ಮೇಲೆ ಪ್ರತಿ ದೃಶ್ಯದ ಬದಿಯಲ್ಲೂ ಈ ಅಪಾಯ ಈ ದೃಶ್ಯಕ್ಕೆ ಬೇಕೇ ಎಂಬ ಪ್ರಶ್ನೆ ಬರೆಯುತ್ತಾ ಹೋಗುತ್ತೇನೆ. ಹಗ್ಗ, ಲೈಫ್ ಜಾಕೆಟ್, ಹೆಲ್ಮೆಟ್‌ಗಳು ಕೊನೆಯ ಸಾಲಿನ ರಕ್ಷಣೆ; ಅಪಾಯವನ್ನೇ ತೆಗೆದುಹಾಕಲು ಸಾಧ್ಯವೇ ಎಂದು ಅದಕ್ಕಿಂತ ಮೊದಲು ನೋಡಬೇಕು. ನಡುಹೊಳೆಯಲ್ಲಿ ನಿಂತು ಆಡುವ ಮಾತನ್ನು ದಡದ ಬಳಿಯ ನಿಂತ ನೀರಿನಲ್ಲಿ ತೆಗೆದು, ರಭಸದ ಹರಿವನ್ನು ಬೇರೆಯಾಗಿ ದೂರದಿಂದ ಸೆರೆಹಿಡಿಯಬಹುದು. ಕಣಿವೆಯಂಚಿನ ರಾತ್ರಿ ದೃಶ್ಯವನ್ನು ಹಗಲಲ್ಲೇ ತೆಗೆದು ರಾತ್ರಿಯಂತೆ ಕಾಣಿಸಬಹುದು. ನಿರ್ದೇಶಕರು ಇಂಥದ್ದಕ್ಕೆ ಒಪ್ಪುವುದಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇನೆ, ಆದರೆ ನನ್ನ ಅನುಭವ ಹಾಗಿಲ್ಲ. ಆ ದೃಶ್ಯದಿಂದ ಅವರಿಗೆ ಬೇಕಾದದ್ದೇನು ಎಂದು ಮೊದಲು ಕೇಳಿ ತಿಳಿದು, ಅದನ್ನೇ ಬೇರೆ ದಾರಿಯಲ್ಲಿ ಪಡೆಯುವ ಬಗೆಯನ್ನು ಛಾಯಾಗ್ರಾಹಕರ ಜೊತೆ ಚರ್ಚಿಸಿಕೊಂಡು ಹೋದರೆ ಹೆಚ್ಚಿನವರು ಒಪ್ಪುತ್ತಾರೆ.

ಸ್ಥಳ ಪರಿಶೀಲನೆಗೆ ಹೋದಾಗ ನಾನು ಮೊದಲು ಅಳೆಯುವುದು ಅಲ್ಲಿಂದ ಆಸ್ಪತ್ರೆಗೆ ತಗಲುವ ಹೊತ್ತನ್ನು. ಹೃದಯ ಸ್ತಂಭನವಾದವರಿಗೆ ಎದೆ ಒತ್ತುವ ಚಿಕಿತ್ಸೆಯೂ ಡಿಫಿಬ್ರಿಲೇಟರ್ ಯಂತ್ರದ ವಿದ್ಯುತ್ ಆಘಾತವೂ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಸುಮಾರು ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದ ಆಸ್ಪತ್ರೆಗೆ ಹತ್ತಿರವಿರುವ ಜಾಗದಲ್ಲಿ ನಾನು ಒಪ್ಪುವ ಸಾಹಸ ದೃಶ್ಯವನ್ನು ಆಸ್ಪತ್ರೆ ಎರಡು ತಾಸು ದೂರವಿರುವ ಜಾಗದಲ್ಲಿ ಒಪ್ಪುವುದಿಲ್ಲ, ಒಪ್ಪಬೇಕಾದರೆ ವೈದ್ಯರೂ ಉಪಕರಣಗಳೂ ಯೂನಿಟ್ ಜೊತೆಗೇ ಬರಬೇಕು. ನಕ್ಷೆ ತೋರಿಸುವ ಸಮಯವನ್ನು ನಾನು ನಂಬುವುದಿಲ್ಲ. ಚಿತ್ರೀಕರಣ ನಡೆಯುವ ಹೊತ್ತಿನಲ್ಲೇ ಆ ದಾರಿಯಲ್ಲಿ ವಾಹನ ಓಡಿಸಿ ನೋಡುತ್ತೇನೆ, ಮತ್ತು ವಾಹನ ನಿಲ್ಲುವ ಜಾಗದವರೆಗೆ ಒಬ್ಬರನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಹೊತ್ತು ತರಲು ಹೇಳುತ್ತೇನೆ. ಕಲ್ಲುಮುಳ್ಳಿನ ಇಳಿಜಾರಿನಲ್ಲಿ ನಾಲ್ವರು ಹೊತ್ತರೆ ನೂರು ಹೆಜ್ಜೆಗೇ ತೋಳು ಸೋಲುತ್ತದೆ. ಆರರಿಂದ ಎಂಟು ಜನರ ಒಂದು ಗುಂಪು, ಅದರ ಹಿಂದೆ ಹೆಗಲು ಬದಲಿಸಲು ಇನ್ನೊಂದು ಗುಂಪು ಬೇಕಾಗುತ್ತದೆ. ಇದನ್ನು ಒಮ್ಮೆ ಹೊತ್ತು ನೋಡಿದ ಪ್ರೊಡಕ್ಷನ್ ಮ್ಯಾನೇಜರ್ ಮತ್ತೆ ಆಂಬ್ಯುಲೆನ್ಸಿನ ಖರ್ಚಿನ ಬಗ್ಗೆ ನನ್ನ ಜೊತೆ ವಾದಿಸಿದ್ದಿಲ್ಲ.

ಮೊಬೈಲ್ ಸಿಗದ ಕಡೆಗಳಲ್ಲಿ ಉಪಗ್ರಹ ಫೋನ್ ಬೇಕಾಗುತ್ತದೆ, ಆದರೆ ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧವಾದ್ದರಿಂದ ಪರವಾನಗಿಯ ಕೆಲಸವನ್ನು ಬಹಳ ಮೊದಲೇ ಶುರು ಮಾಡಬೇಕು. ಅನುಮತಿಪತ್ರಗಳನ್ನೆಲ್ಲ ನಾನು ಕಣ್ಣಾರೆ ನೋಡುತ್ತೇನೆ. 'ಮಾತಾಡಿದ್ದೇವೆ, ಆಗುತ್ತದೆ' ಎಂಬ ಭರವಸೆಯ ಮೇಲೆ ಯೂನಿಟ್ ಇಳಿಸಲು ಬಿಡುವುದಿಲ್ಲ. 2014ರ ಫೆಬ್ರವರಿ 20ರಂದು ಅಮೆರಿಕದ ಜಾರ್ಜಿಯಾದಲ್ಲಿ ರೈಲ್ವೆ ಕಂಪನಿಯ ಅನುಮತಿ ಇಲ್ಲದೆಯೇ ರೈಲು ಸೇತುವೆಯ ಮೇಲೆ ಚಿತ್ರೀಕರಣಕ್ಕೆ ನಿಂತಿದ್ದ ತಂಡದ ಮೇಲೆ ರೈಲು ಬಂದು, ಕ್ಯಾಮೆರಾ ಸಹಾಯಕಿ ಸಾರಾ ಜೋನ್ಸ್ ತಮ್ಮ 27ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷ ಆ ಚಿತ್ರದ ನಿರ್ದೇಶಕರು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಜೈಲಿಗೆ ಹೋದರು.

ನನ್ನನ್ನು ಹೆಚ್ಚು ಕಾಡುವುದು ನೀರು. ಹರಿವಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದು ದಡದಲ್ಲಿ ನಿಂತು ನೋಡುವವರಿಗೆ ತಿಳಿಯುವುದಿಲ್ಲ. ರಭಸವಿದ್ದರೆ 15 ಸೆಂಟಿಮೀಟರ್ ಆಳದ ನೀರೇ ದೊಡ್ಡವರನ್ನು ಕೆಡವಬಲ್ಲದು. ತಣ್ಣೀರಿಗೆ ಬಿದ್ದವರ ಉಸಿರು ಮೊದಲ ನಿಮಿಷದಲ್ಲೇ ಹಿಡಿತ ತಪ್ಪುವುದರಿಂದ ಈಜು ಬಲ್ಲವರೂ ನೀರು ಕುಡಿದು ಮುಳುಗುತ್ತಾರೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಲೈಫ್ ಜಾಕೆಟ್ ಇಲ್ಲದೆ ಹೆಲಿಕಾಪ್ಟರಿನಿಂದ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತದ್ದನ್ನು ನಮ್ಮ ಚಿತ್ರರಂಗ ಇನ್ನೂ ಮರೆತಿಲ್ಲ, ಮರೆಯಲೂ ಬಾರದು.

ಹೊಳೆಯ ದೃಶ್ಯಕ್ಕೆ ನಾನು ಅನುಸರಿಸುವ ಕ್ರಮ ಹೀಗಿದೆ. ನೀರಿನಂಚಿನಲ್ಲಿ ಒಂದು ಗೂಟ ನೆಟ್ಟು, ಆ ಬೆಳಿಗ್ಗೆಯ ನೀರಿನ ಮಟ್ಟಕ್ಕೆ ಬಿಳಿ ಪಟ್ಟಿಯನ್ನೂ ಅದರ ಮೇಲೆ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಕೆಂಪು ಪಟ್ಟಿಯನ್ನೂ ಅಂಟಿಸುತ್ತೇನೆ. ಮೇಲ್ಗಡೆ, ಕೂಗಿದರೂ ಕೇಳಿಸದಷ್ಟು ದೂರದಲ್ಲಿ, ವಾಕಿಟಾಕಿ ಹಿಡಿದ ಒಬ್ಬರು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂರುತ್ತಾರೆ. ಅವರಿಗೆ ನೀರು ನೋಡುವುದರ ಹೊರತು ಬೇರೆ ಕೆಲಸವಿಲ್ಲ. ಕೆಳಗಡೆ ಎಸೆಯುವ ಹಗ್ಗ ಹಿಡಿದ ಇಬ್ಬರು ಈಜುಗಾರರು ನಿಲ್ಲುತ್ತಾರೆ. ಒಂದು ಚಿತ್ರೀಕರಣದಲ್ಲಿ ನಮ್ಮ ತಲೆಯ ಮೇಲೆ ಚುರುಕು ಬಿಸಿಲಿತ್ತು, ಮಳೆಯ ಸುಳಿವೇ ಇರಲಿಲ್ಲ. ಮೇಲ್ಗಡೆಯವರು ನೀರಿನ ಬಣ್ಣ ಕದಡಿದೆ, ಹಸಿ ಎಲೆ ಮತ್ತು ಕಡ್ಡಿಗಳು ತೇಲಿ ಬರುತ್ತಿವೆ ಎಂದರು. ಅಷ್ಟರಲ್ಲಿ ಕ್ಯಾಮೆರಾ ಓಡುತ್ತಿತ್ತು, ನಟಿ ಅಭಿನಯದಲ್ಲಿ ಮುಳುಗಿದ್ದರು, ಗೂಟದ ಬಳಿ ನೀರು ಇನ್ನೂ ಬಿಳಿ ಪಟ್ಟಿಯಲ್ಲೇ ಇತ್ತು. ಎಲೆ ಕಡ್ಡಿ ಕಂಡರೆ ಪಟ್ಟಿ ನೋಡುತ್ತಾ ಕಾಯುವುದಿಲ್ಲ ಎಂಬುದು ಹಿಂದಿನ ದಿನವೇ ಮಾತಾದದ್ದರಿಂದ ನಿರ್ದೇಶಕರು ಮರುಪ್ರಶ್ನೆ ಹಾಕದೆ ಎಲ್ಲರನ್ನೂ ದಡ ಹತ್ತಿಸಿದರು. ನೋಡುತ್ತಿದ್ದಂತೆ ಕೆಂಪು ಪಟ್ಟಿ ಮುಚ್ಚಿತು, ಬಳಿಕ ಗೂಟವೇ ಕೊಚ್ಚಿಹೋಯಿತು. ಹೊಳೆಯ ಮೂಲದಲ್ಲಿ ಎಲ್ಲೋ ಸುರಿದ ಮಳೆ ಅದು.

ಎತ್ತರದ ಪ್ರದೇಶದ ಅಪಾಯ ಇಷ್ಟು ಕಣ್ಣಿಗೆ ಕಾಣುವುದಿಲ್ಲ. 5,500 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಉಳಿದು ವಿಶ್ರಮಿಸಬೇಕು ಎಂಬ ನಿಯಮವನ್ನು ನಾನು ವೇಳಾಪಟ್ಟಿಯಲ್ಲೇ ಬರೆಸುತ್ತೇನೆ. ವೇಳಾಪಟ್ಟಿಯಲ್ಲಿ ಇಲ್ಲದ ವಿಶ್ರಾಂತಿ ಯಾವ ಯೂನಿಟ್‌ಗೂ ಸಿಗುವುದಿಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ ಪ್ರತಿಯೊಬ್ಬರನ್ನೂ ಮಾತಾಡಿಸಿ, ತಲೆನೋವಿದೆಯೇ, ರಾತ್ರಿ ಊಟ ಸೇರಿತೇ, ನಿದ್ದೆ ಬಂತೇ ಎಂದು ಕೇಳಿ, ಅನುಮಾನ ಬಂದವರಿಗೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿಕೊಂಡು ನೇರ ಗೆರೆಯ ಮೇಲೆ ನಡೆಯಲು ಹೇಳುತ್ತೇನೆ. ಹೆಜ್ಜೆ ವಾಲಿದರೆ ಮಿದುಳಿನಲ್ಲಿ ಊತ ಶುರುವಾಗಿರಬಹುದು; ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡಕ್ಕೂ ಕೂಡಲೇ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ, ಆಮ್ಲಜನಕ ಮತ್ತು ಔಷಧಿ ಆ ದಾರಿಯಲ್ಲಿ ಆಸರೆ.

ಆದರೆ ಕೇಳಿದಾಗ ನಿಜ ಹೇಳುವಂತಾಗಬೇಕು. ಲೈಟ್‌ಮನ್‌ಗಳು, ಸಹಾಯಕರು ತಲೆನೋವನ್ನು ಮುಚ್ಚಿಡುವುದು ಹೆಮ್ಮೆಯಿಂದಲ್ಲ, ಕೆಳಗೆ ಕಳಿಸಿದರೆ ಆ ದಿನದ ಕೂಲಿ ಹೋಗುತ್ತದೆ ಎಂಬ ಭಯದಿಂದ ಎಂಬುದು ನನಗೆ ಅವರ ಜೊತೆ ಕೂತು ಉಣ್ಣುವಾಗ ತಿಳಿದ ಸಂಗತಿ. ಅಂದಿನಿಂದ, ಅಸ್ವಸ್ಥರಾಗಿ ಕೆಳಗಿಳಿದವರಿಗೆ ಉಳಿದ ದಿನಗಳ ಪೂರ್ತಿ ಸಂಬಳ ಸಲ್ಲುತ್ತದೆ ಎಂದು ನಿರ್ಮಾಪಕರಿಂದ ಬರೆಸಿಕೊಂಡು, ಅದನ್ನು ಎಲ್ಲರೆದುರು ಓದಿಸುತ್ತೇನೆ. ನಾನು ಕೈಗೊಂಡ ಯಾವ ಕ್ರಮವೂ ಇದರಷ್ಟು ಫಲ ಕೊಟ್ಟಿಲ್ಲ.

ನಿಲ್ಲಿಸುವ ಹಕ್ಕಿನ ವಿಷಯವೂ ಇದಕ್ಕೆ ಸೇರಿದ್ದೇ. ಯೂನಿಟ್‌ನಲ್ಲಿ ಯಾರೇ ಆಗಲಿ ವಾಕಿಟಾಕಿಯಲ್ಲಿ ಮೂರು ಬಾರಿ 'ನಿಲ್ಲಿ' ಎಂದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಕಾರಣವನ್ನು ಆಮೇಲೆ ಕೇಳಬೇಕು ಎಂಬುದು ನನ್ನ ನಿಯಮ. ನಿನ್ನೆ ಸೇರಿದ ಹುಡುಗ ನಿರ್ದೇಶಕರ ಟೇಕ್ ಕೆಡಿಸುವ ಧೈರ್ಯ ಮಾಡುವುದು ಸುಲಭವಲ್ಲವಾದ್ದರಿಂದ, ಈ ನಿಯಮವನ್ನು ನಾನು ಹೇಳದೆ ನಿರ್ದೇಶಕರ ಬಾಯಲ್ಲೇ ಪ್ರತಿ ಬೆಳಿಗ್ಗೆ ಹೇಳಿಸುತ್ತೇನೆ. ಕಾರಣವಿಲ್ಲದೆ ನಿಲ್ಲಿಸಿದಂತೆ ಕಂಡರೂ ನಿಲ್ಲಿಸಿದವರಿಗೆ ಯಾರೂ ಬೈಯುವಂತಿಲ್ಲ.

ಗುಡುಗು, ಗಾಳಿಗಳ ಗೆರೆ ಸರಳ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕ್ರೇನ್ ಇಳಿಸಿ, ಎಲ್ಲರನ್ನೂ ಗಟ್ಟಿ ಕಟ್ಟಡಕ್ಕೋ ಮುಚ್ಚಿದ ವಾಹನಕ್ಕೋ ಕಳಿಸಿ, ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಾಯುತ್ತೇವೆ. ಬೆಳಕು ಹದಗೊಳಿಸಲು ಕಟ್ಟುವ ಇಪ್ಪತ್ತಡಿ ಚೌಕದ ಬಟ್ಟೆ ಗಾಳಿಗೆ ದೋಣಿಯ ಹಾಯಿಯಂತೆ ಆಗುವುದರಿಂದ, ತಯಾರಕರು ಕೊಟ್ಟ ಗಾಳಿಯ ಮಿತಿಯನ್ನು ಚೌಕಟ್ಟಿಗೇ ಅಂಟಿಸಿಟ್ಟು ಮಾಪಕ ನೋಡಿ ಇಳಿಸುತ್ತೇವೆ. ಬಿಸಿಲಾಘಾತದಲ್ಲಿ ಮೊದಲು ಮೈ ತಣಿಸಬೇಕು, ಸಾಗಿಸುವುದು ಆಮೇಲೆ. ಮೈಮುಳುಗುವಷ್ಟು ತಣ್ಣೀರಿನ ತೊಟ್ಟಿ ಇಲ್ಲದೆ ಕಡುಬೇಸಿಗೆಯ ಯೂನಿಟ್ ಹೊರಡುವುದಿಲ್ಲ.

ಪ್ಯಾಕಪ್ ಆದ ಮೇಲಿನ ಹೊತ್ತಿನ ಬಗ್ಗೆ ನನಗೆ ವಿಶೇಷ ಕಾಳಜಿ ಇದೆ. 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದೇ ವರ್ಷ ಅಮೆರಿಕದಲ್ಲಿ ಸುಮಾರು 19 ಗಂಟೆ ಕೆಲಸ ಮಾಡಿ ಮನೆಗೆ ಹೊರಟ ಕ್ಯಾಮೆರಾ ಸಹಾಯಕ ಬ್ರೆಂಟ್ ಹರ್ಷ್‌ಮನ್ ವಾಹನ ಓಡಿಸುತ್ತಲೇ ನಿದ್ದೆ ಹೋಗಿ ಅಪಘಾತದಲ್ಲಿ ಮೃತಪಟ್ಟರು. ನಟರ, ತಂತ್ರಜ್ಞರ ಗಂಟೆಗಳನ್ನು ಎಣಿಸುವವರು ಚಾಲಕರ ಗಂಟೆಗಳನ್ನು ಎಣಿಸುವುದು ಅಪರೂಪ. ಅವರು ಎಲ್ಲರಿಗಿಂತ ಮೊದಲು ಎದ್ದು, ಎಲ್ಲರನ್ನೂ ಬಿಟ್ಟ ಮೇಲೆ ಮಲಗುತ್ತಾರೆ. ನಾನು ಪ್ರತಿ ವಾಹನಕ್ಕೂ ಚಾಲಕರು ಮಲಗಿದ, ಎದ್ದ ವೇಳೆಯ ಪುಸ್ತಕ ಇಡಿಸಿದ್ದೇನೆ. ಸಂಜೆ ಆರಕ್ಕೆ ಅದನ್ನು ನೋಡಿ, ರಾತ್ರಿ ಯಾರು ಓಡಿಸಬೇಕು, ಯಾರು ಲೊಕೇಶನ್ನಿನಲ್ಲೇ ತಂಗಬೇಕು ಎಂಬುದನ್ನು ಪ್ರೊಡಕ್ಷನ್ ಮ್ಯಾನೇಜರ್ ಜೊತೆ ಗೊತ್ತುಮಾಡಿದ ಬಳಿಕವೇ ರಾತ್ರಿಯ ದೃಶ್ಯಕ್ಕೆ ದೀಪ ಹೊತ್ತಿಸಲು ಒಪ್ಪಿಗೆ ಕೊಡುತ್ತೇನೆ.