ವಿಬಿಎಸ್‌ಗೆ ಯುವ ಬೋಧಕರನ್ನು ತಯಾರು ಮಾಡುವುದು

ಪಿಯುಸಿ ಮುಗಿಸಿದ ಯೌವನಸ್ಥರನ್ನು ಕರೆದು ವಿಬಿಎಸ್‌ನ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆಯ) ಮೊದಲ ದಿನವೇ ತರಗತಿ ಒಪ್ಪಿಸಬೇಡಿ. 6 ವಾರ ಮೊದಲೇ ತರಬೇತಿ ಶುರುವಾಗಲಿ. ಒಬ್ಬ ಹಿರಿಯ ಬೋಧಕರಿಗೆ ಇಬ್ಬರು ಸಾಕು. ಮೂರನೆಯವರು ಬಂದರೆ ಬರೀ ಕುರ್ಚಿ ಜೋಡಿಸುತ್ತಾ ಉಳಿಯುತ್ತಾರೆ.

ವಾರಕ್ಕೊಂದು ಸತ್ಯವೇದದ (ಬೈಬಲ್) ಭಾಗ ಕೊಡಿ, ಉದಾಹರಣೆಗೆ ಯೇಸು ಬಿರುಗಾಳಿಯನ್ನು ಶಾಂತಗೊಳಿಸಿದ ಕಥೆ, ಮಾರ್ಕ 4:35–41. ಮನೆಯಲ್ಲಿ 3 ಸಲ ಓದಿ ಬಂದು, ಸತ್ಯವೇದ ಮುಚ್ಚಿಟ್ಟು 8 ನಿಮಿಷದಲ್ಲಿ ಕಥೆ ಹೇಳಲಿ. ಎಡವುವುದು ಇಲ್ಲೇ: ಬಿರುಗಾಳಿಯ ಸದ್ದು, ಅಭಿನಯದಲ್ಲೇ 6 ನಿಮಿಷ ಕಳೆದು, ಈತನು ಯಾರಿರಬಹುದು ಎಂದು ಶಿಷ್ಯರು ಕೊನೆಗೆ ಕೇಳುವ ಪ್ರಶ್ನೆಗೆ ಹೊತ್ತೇ ಇರುವುದಿಲ್ಲ. ಆ ಪ್ರಶ್ನೆಯನ್ನು ಮೊದಲು ಬರೆದಿಟ್ಟುಕೊಂಡು ಕಥೆ ಕಟ್ಟಲು ಹೇಳಿ. ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದನ್ನು ಮಾತ್ರ ಬಿಡಬಾರದು, ಚಿಕ್ಕ ಮಕ್ಕಳ ನೆನಪಲ್ಲಿ ನಿಲ್ಲುವುದು ಅದೇ.

ಕಂಠಪಾಠದ ವಚನ 12 ಪದ ದಾಟದಿರಲಿ. ಬೋಧಕರ ತಪ್ಪನ್ನು ಮಕ್ಕಳೆದುರು ತಿದ್ದಬೇಡಿ.

ಶಿಬಿರದಲ್ಲಿ ರಾತ್ರಿಯ ಗುಂಪು ಮಾತುಕತೆಗೆ 6–7 ಮಕ್ಕಳು, 20 ನಿಮಿಷ. ಒಂದು ಮಗುವಿನೊಡನೆ ಪ್ರತ್ಯೇಕ ಮಾತಾಡಬೇಕಿದ್ದರೆ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲೇ. ಮಗು ಕಿರುಕುಳದ ವಿಷಯ ಬಾಯಿಬಿಟ್ಟರೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬಾರದು; ಅಂದೇ ಶಿಬಿರದ ಮುಖ್ಯಸ್ಥರಿಗೆ ತಿಳಿಸಬೇಕು. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ ಕಾಯ್ದೆಯಡಿ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.