ಹಳೇ ಕಟ್ಟಡಗಳ ಇಂಧನ ಉಳಿತಾಯ: ನಿಯಮ ಮಾಡುವವರು ಎಲ್ಲಿಂದ ಶುರು ಮಾಡಬೇಕು

ಹೊಸ ಕಟ್ಟಡಕ್ಕೆ ನಿಯಮ ಮಾಡುವುದು ಸುಲಭ. ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಷರತ್ತು ಹಾಕಬಹುದು. ಕಟ್ಟಿ ಮೂವತ್ತು ವರ್ಷವಾದ ಕಟ್ಟಡದ ಮಾಲೀಕ ಮಾತ್ರ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಿಲ್ಲ. ಹಾಗಾಗಿ ಸಬ್ಸಿಡಿ, ದಂಡಗಳ ಮಾತು ಆಮೇಲೆ. ಮೊದಲು ಬೇಕಾದದ್ದು ಯಾವ ಕಟ್ಟಡ ಎಷ್ಟು ಉರಿಸುತ್ತಿದೆ ಎಂಬ ಲೆಕ್ಕ.

ಲೆಕ್ಕ ತರಿಸಿಕೊಳ್ಳುವುದು

ದೊಡ್ಡವುಗಳಿಂದ ಶುರು ಮಾಡಿ. ನ್ಯೂಯಾರ್ಕ್ ನಗರ 2009ರಲ್ಲಿ ಇಂಥ ಲೆಕ್ಕ ಕೇಳುವ ಕಾಯ್ದೆ ತಂದಾಗ 50,000 ಚದರಡಿಗಿಂತ ದೊಡ್ಡ ಕಟ್ಟಡಗಳನ್ನಷ್ಟೇ ಹಿಡಿಯಿತು, ಆಮೇಲೆ ಮಿತಿಯನ್ನು 25,000ಕ್ಕೆ ಇಳಿಸಿತು. ವಿದ್ಯುತ್, ಗ್ಯಾಸ್, ಡೀಸೆಲ್ ಎಲ್ಲವನ್ನೂ ಒಂದೇ ಮಾನಕ್ಕೆ ತಂದು, ಒಂದು ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಕೇಳಿ.

ಎಡವುವುದು ಇಲ್ಲೇ. ಬಾಡಿಗೆದಾರರಿಗೆ ಬೇರೆ ಬೇರೆ ಮೀಟರ್ ಇದ್ದರೆ ಮಾಲೀಕನ ಕೈಗೆ ಬರುವುದು ಲಿಫ್ಟು, ಪಂಪು, ಮೆಟ್ಟಿಲಿನ ದೀಪದ ಬಿಲ್ ಮಾತ್ರ. ಉಳಿದದ್ದನ್ನು ಅಂದಾಜಿನಲ್ಲಿ ತುಂಬುತ್ತಾನೆ. ಇಡೀ ಕಟ್ಟಡದ ಒಟ್ಟು ಬಳಕೆಯನ್ನು ವಿದ್ಯುತ್ ಕಂಪನಿಯೇ ಕೂಡಿಸಿ ಕೊಡಬೇಕೆಂದು ಕಾಯ್ದೆಯಲ್ಲೇ ಬರೆಯಿರಿ. ಇಬ್ಬರೇ ಬಾಡಿಗೆದಾರರಿದ್ದರೆ ಒಬ್ಬನ ಬಳಕೆ ಇನ್ನೊಬ್ಬನಿಗೆ ಗೊತ್ತಾಗುತ್ತದೆ, ಆದ್ದರಿಂದ ಕನಿಷ್ಠ ಎಷ್ಟು ಮೀಟರ್ ಇದ್ದರೆ ಬಾಡಿಗೆದಾರರ ಒಪ್ಪಿಗೆಯಿಲ್ಲದೆ ಒಟ್ಟು ಕೊಡಬಹುದು ಎಂಬುದನ್ನೂ ಸೇರಿಸಿ. ಇನ್ನೊಂದು ಕಳ್ಳದಾರಿ ವಿಸ್ತೀರ್ಣದ್ದು: ಕಾರು ನಿಲ್ಲಿಸುವ ಮಹಡಿಯನ್ನೂ ಸೇರಿಸಿಕೊಂಡರೆ ಚದರ ಮೀಟರಿನ ಲೆಕ್ಕ ತಾನಾಗಿಯೇ ಚೆನ್ನಾಗಿ ಕಾಣುತ್ತದೆ. ಹಿಂದಿನ ವರ್ಷಕ್ಕಿಂತ ಅರ್ಧಕ್ಕರ್ಧ ಏರುಪೇರಾದ ಅಂಕಿ, ಹನ್ನೆರಡು ತಿಂಗಳೂ ಒಂದೇ ಇರುವ ಅಂಕಿ, ಇವೆರಡನ್ನೂ ಕಂಪ್ಯೂಟರೇ ತಡೆದು ನಿಲ್ಲಿಸಲಿ. ಸೆಕೆ, ಚಳಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹವಾಮಾನದ ತಿದ್ದುಪಡಿ ಇಲ್ಲದೆ ಎರಡು ವರ್ಷಗಳನ್ನು ಹೋಲಿಸಬೇಡಿ.

ಗುರಿ ಇಡುವುದು

ಅಳತೆಗೆ ಎರಡು ದಾರಿ. ಗೋಡೆ, ಕಿಟಕಿ, ಯಂತ್ರ ನೋಡಿ ಲೆಕ್ಕ ಹಾಕಿ ಕೊಡುವ ಪ್ರಮಾಣಪತ್ರ ಒಂದು; ಯುರೋಪಿನ 2002ರ ನಿರ್ದೇಶನ ಇದನ್ನು ಕೊಳ್ಳುವವರ, ಬಾಡಿಗೆಗೆ ಬರುವವರ ಕೈಗೆ ಸಿಗುವಂತೆ ಮಾಡಿತು. ಮೀಟರಿನ ನಿಜವಾದ ಓದು ಇನ್ನೊಂದು. ಆಸ್ಟ್ರೇಲಿಯಾದಲ್ಲಿ ಕಟ್ಟಡಗಳಿಗೆ ದರ್ಜೆ ಕೊಡುವ ನ್ಯಾಬರ್ಸ್ ವ್ಯವಸ್ಥೆ ಹನ್ನೆರಡು ತಿಂಗಳ ಬಳಕೆ ನೋಡಿ ನಕ್ಷತ್ರ ಕೊಡುತ್ತದೆ. ಕಚೇರಿ, ಮಾಲ್‌ಗಳಿಗೆ ಮೀಟರು, ಮನೆಗಳಿಗೆ ಪ್ರಮಾಣಪತ್ರ ಎಂಬುದು ನಮ್ಮ ಅಭಿಪ್ರಾಯ. ಮನೆಯ ಬಳಕೆ ಕಟ್ಟಡದ ಜೊತೆಗೆ ಅದರಲ್ಲಿರುವವರನ್ನೂ ಬಹಳ ಅವಲಂಬಿಸುತ್ತದೆ. ಒಂದು ಎಚ್ಚರಿಕೆ: ಚಳಿ ಪ್ರದೇಶದ ಕಳಪೆ ಮನೆಗಳಲ್ಲಿ ಜನ ಒಂದೆರಡು ಕೋಣೆ ಮಾತ್ರ ಬೆಚ್ಚಗಿಟ್ಟುಕೊಳ್ಳುತ್ತಾರೆ. ನಿಜವಾದ ಬಳಕೆ ಪ್ರಮಾಣಪತ್ರ ಹೇಳುವುದಕ್ಕಿಂತ ಕಡಿಮೆಯೇ ಇರುವುದರಿಂದ ಕಾಗದದ ಮೇಲಿನ ಉಳಿತಾಯ ಪೂರ್ತಿ ಕೈಗೆ ಬರುವುದಿಲ್ಲ.

ಗುರಿಯ ತಾರೀಖು ನಾಲ್ಕೈದು ವರ್ಷ ಮೊದಲೇ ತಿಳಿದಿರಲಿ. ನ್ಯೂಯಾರ್ಕಿನ ಇಂಗಾಲ ಮಿತಿ ಕಾಯ್ದೆಯಾದದ್ದು 2019ರಲ್ಲಿ, ಜಾರಿಗೆ ಬಂದದ್ದು 2024ರಲ್ಲಿ. ಮಿತಿ ಮೀರಿ ಹೊರಬಿಟ್ಟ ಇಂಗಾಲದ ಪ್ರತಿ ಟನ್‌ಗೆ 268 ಡಾಲರ್ ದಂಡ. ನೆದರ್‌ಲ್ಯಾಂಡ್ಸ್ ಸಣ್ಣವನ್ನೂ ಪಾರಂಪರಿಕ ಕಟ್ಟಡಗಳನ್ನೂ ಬಿಟ್ಟು ಉಳಿದ ಕಚೇರಿಗಳಿಗೆ 2023ರ ಜನವರಿಯಿಂದ ಪ್ರಮಾಣಪತ್ರದಲ್ಲಿ ಕನಿಷ್ಠ 'ಸಿ' ದರ್ಜೆ ಕಡ್ಡಾಯ ಮಾಡಿತು. ಮುಂದಿನ ಮೆಟ್ಟಿಲನ್ನೂ ಇವತ್ತೇ ಹೇಳಿಬಿಡಿ. ಇಲ್ಲದಿದ್ದರೆ ಮಾಲೀಕ ದೀಪ ಬದಲಿಸಿ ಮೊದಲ ಮೆಟ್ಟಿಲು ಹತ್ತಿ ಕೂರುತ್ತಾನೆ, ಆಮೇಲೆ ಮಾಡಿದ್ದನ್ನೇ ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ. ದಂಡ ರಿಪೇರಿ ಖರ್ಚಿಗಿಂತ ಅಗ್ಗವಾಗಿದ್ದರಂತೂ ಅದನ್ನೇ ಕಟ್ಟಿ ಸುಮ್ಮನಿರುತ್ತಾನೆ.

ಕೆಲಸದ ಸರದಿ

ಇದ್ದ ಯಂತ್ರವನ್ನು ಸರಿಯಾಗಿ ಓಡಿಸುವುದು ಮೊದಲು. ಒಂದೇ ಮಹಡಿಯಲ್ಲಿ ಬಿಸಿಯೂ ತಂಪೂ ಒಟ್ಟಿಗೆ ನಡೆಯುವುದು, ಅಂಟಿಕೊಂಡ ಡ್ಯಾಂಪರ್ (ಗಾಳಿ ಕೊಳವೆಯ ತೆರೆ-ಮುಚ್ಚುವ ಕದ), ರಜಾದಿನವೂ ಎಸಿ ಹಾಕುವ ಟೈಮರ್, ತಪ್ಪು ಓದುವ ಸೆನ್ಸರ್: ಇವಕ್ಕೆ ಖರ್ಚು ಕಡಿಮೆ, ಫಲ ಬೇಗ. ರೆಟ್ರೋ ಕಮಿಷನಿಂಗ್ ಎನ್ನುವುದು ಇದನ್ನೇ. ನ್ಯೂಯಾರ್ಕಿನಲ್ಲಿ ದೊಡ್ಡ ಕಟ್ಟಡಗಳು ಇದನ್ನೂ ಇಂಧನ ಬಳಕೆಯ ಆಡಿಟನ್ನೂ ಹತ್ತು ವರ್ಷಕ್ಕೊಮ್ಮೆ ಮಾಡಿಸಬೇಕು. ಬರೀ ಆಡಿಟ್ ಕಡ್ಡಾಯ ಮಾಡಿದರೆ ವರದಿ ಕಪಾಟು ಸೇರುತ್ತದೆ.

ಆಮೇಲೆ ದೀಪ, ಚಾವಣಿ, ಕಿಟಕಿ, ಗಾಳಿ ಸೋರುವ ಸಂದು. ತಂಪು ಮಾಡುವ ಚಿಲ್ಲರ್, ಬಿಸಿ ಮಾಡುವ ಬಾಯ್ಲರ್ ಕೊನೆಗೆ, ಏಕೆಂದರೆ ಕಟ್ಟಡವನ್ನು ತಂಪು, ಬಿಸಿ ಮಾಡುವ ಹೊರೆ ಇಳಿದ ಮೇಲೆ ಸಣ್ಣ ಯಂತ್ರ ಸಾಕು. ಸರದಿ ತಿರುವುಮುರುವಾದರೆ ದೊಡ್ಡ ಯಂತ್ರ ಇಪ್ಪತ್ತು ವರ್ಷ ಅರೆಹೊರೆಯಲ್ಲಿ ಓಡುತ್ತದೆ. ಆದರೆ ಯಂತ್ರ ನಮ್ಮ ಸರದಿಗೆ ಕಾಯದೆ ಬೇಸಿಗೆಯ ನಡುವೆ ಕೆಟ್ಟು ನಿಲ್ಲುತ್ತದೆ, ಮಾಲೀಕ ಮರುದಿನವೇ ಅದೇ ಗಾತ್ರದ್ದನ್ನು ತರಿಸುತ್ತಾನೆ. ಹೊರೆಯ ಲೆಕ್ಕ, ಬದಲಿ ಯಂತ್ರದ ಗಾತ್ರ ಮೊದಲೇ ಬರೆದಿಟ್ಟಿರಬೇಕೆಂಬ ಷರತ್ತನ್ನು ಆಡಿಟ್‌ಗೆ ಸೇರಿಸಿ, ಬದಲಿಯ ಪರವಾನಗಿಯನ್ನು ಅದಕ್ಕೆ ಜೋಡಿಸಿ. ಗಾಳಿ ಸಂದು ಮುಚ್ಚುವಲ್ಲಿ ವಾತಾಯನದ ತಪಾಸಣೆಯೂ ಕಡ್ಡಾಯವಿರಲಿ. ತೇವ ಹೊರಹೋಗದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಹಣ

ಖರ್ಚು ಮಾಲೀಕನದು, ಬಿಲ್ ಇಳಿಯುವುದು ಬಾಡಿಗೆದಾರನದು. ಈ ಗಂಟು ಬಿಡಿಸದೆ ಸಾಲ ಕೊಟ್ಟರೆ ತೆಗೆದುಕೊಳ್ಳುವವರಿಲ್ಲ. ವಿದ್ಯುತ್ ಬಿಲ್ಲಿನ ಮೂಲಕ ತೀರಿಸುವ ಸಾಲ ಒಂದು ದಾರಿ, ಆದರೆ ಬಡ್ಡಿ ದುಬಾರಿಯಾಗಬಾರದು; ಬ್ರಿಟನ್ನಿನ ಇಂಥದೇ ಸಾಲ ಯೋಜನೆ ಗ್ರೀನ್ ಡೀಲ್ 2013ರಲ್ಲಿ ಶುರುವಾಯಿತು, ಹೆಚ್ಚು ಗ್ರಾಹಕರು ಸಿಗದೆ 2015ರಲ್ಲಿ ಅದಕ್ಕೆ ಸರ್ಕಾರದ ಹಣ ನಿಂತುಹೋಯಿತು. ಮನೆಗಳ ಇಂಧನ ಉಳಿತಾಯಕ್ಕೆ ಅನುದಾನ ಕೊಡುವ ಇಂಗ್ಲೆಂಡಿನ ಗ್ರೀನ್ ಹೋಮ್ಸ್ ಗ್ರಾಂಟ್ 2020ರ ಸೆಪ್ಟೆಂಬರಿನಲ್ಲಿ ತೆರೆದು ಮುಂದಿನ ಮಾರ್ಚಿಗೇ ಮುಚ್ಚಿತು. ಇಷ್ಟು ಕಡಿಮೆ ಅವಧಿಯ ಯೋಜನೆಗೆ ಯಾವ ಗುತ್ತಿಗೆದಾರನೂ ಹೊಸ ಕೆಲಸಗಾರರನ್ನು ತಯಾರು ಮಾಡುವುದಿಲ್ಲ. ಮೊದಲು ತರಬೇತಿ, ಆಮೇಲೆ ಅನುದಾನ, ಅದೂ ಹಲವು ವರ್ಷ ಒಂದೇ ಸಮನೆ.

ಅನುದಾನದ ಕೊನೆಯ ಕಂತನ್ನು ಕೆಲಸ ಮುಗಿದ ದಿನ ಕೊಡಬೇಡಿ. ಹನ್ನೆರಡು ತಿಂಗಳ ಮೀಟರ್ ಓದು ಬಂದು, ಹವಾಮಾನದ ತಿದ್ದುಪಡಿಯಾದ ಮೇಲೆ ಕೊಡಿ.